ಪರಮಾಣುಬಂಧದಲ್ಲಿ ಧ್ರುವತ್ವ

ಪರಮಾಣುಗಳೆಲ್ಲವೂ ಧನ-ಋಣ ವಿದ್ಯುತ್ತುಗಳ ಆಕರ್ಷಣೆಯಿಂದಲೇ ಕೂಡುವುವೆಂದು ಸ್ವೀಡನ್ ದೇಶದ ಬರ್ಜೀಲಿಯಸನು 1819ರಲ್ಲಿ ಪ್ರತಿಪಾದಿಸಿದನು. ಆದರೆ 1839ರಲ್ಲಿ ಫ್ರಾನ್ಸಿನ ಡ್ಯೂಮನು ಪ್ರಕಟಿಸಿದ ಪ್ರಯೋಗವು ಈ ಮತವನ್ನು ಅಲುಗಿಸಿತು. ಅಸೆಟಿಕ್ ಆಮ್ಲದಲ್ಲಿ ಧನವೆನಿಸಿದ ಮೂರು ಜಲಜನಕ ಪರಮಾಣುಗಳ ಸ್ಥಾನವನ್ನು ಋಣವೆನಿಸಿದ ಕ್ಲೋರೀನು ಆಕ್ರಮಿಸಿದರೂ ಅದರ ಆಮ್ಲತ್ವವು ಕೆಡಲಿಲ್ಲ. ಸಮಾನವಾದ ಎರಡು ಪರಮಾಣುಗಳು ಕೂಡುವ ಬಗೆಯನ್ನೂ ಆ ಮತವು ವಿವರಿಸಲಾರದಾಯಿತು.

1916ರಲ್ಲಿ ಅಮೆರಿಕದ ಲೂಯಿಸನು, ಪರಮಾಣುಗಳೆರಡು ಎಲೆಕ್ಟ್ರಾನುಗಳ ಜೋಡಿಯೊಂದನ್ನು ಹಂಚಿಕೊಳ್ಳುವುದೇ ಬಂಧವೆಂದೂ, ಆ ಜೋಡಿಯು ಒಂದರ ಕಡೆಗೆ ವಾಲಿದರೆ ಬಂಧವು ಧ್ರುವೀಯವಾಗುವುದೆಂದೂ ಸೂಚಿಸಿದನು. 1932ರಲ್ಲಿ ಪಾಲಿಂಗನು ಈ ಸೆಳೆತಕ್ಕೆ ಅಂಕಗಳನ್ನು ಕೊಟ್ಟನು. ಇಂದಿನ ಗಣನೆಯಲ್ಲಿ ಜಲಜನಕಕ್ಕೆ 2.20, ಕ್ಲೋರೀನಿಗೆ 3.16. ಆದುದರಿಂದ ಇವುಗಳ ಸಂಯುಕ್ತದಲ್ಲಿ ಕ್ಲೋರೀನು ಕಿಂಚಿತ್ ಋಣವೂ ಜಲಜನಕವು ಕಿಂಚಿತ್ ಧನವೂ ಆಗಿರುವುವು. ಹೀಗೆ ಬರ್ಜೀಲಿಯಸನ ಮತವು ಬಿದ್ದುಹೋದರೂ ಅದರಲ್ಲಿದ್ದ ಸತ್ಯಾಂಶವು ಅಳಿಯಲಿಲ್ಲ.