ಸಕ್ಕರೆಯ ಲೆಕ್ಕದಲ್ಲಿ ಬಿಟ್ಟುಹೋದ ತಾರೀಖು

ಸಕ್ಕರೆ ಕಾಯಿಲೆಗೆ ಉರ್ದುವಿನಲ್ಲಿ ಜಿಯಾಬೀತಸ್ ಎನ್ನುತ್ತಾರೆ. ಅದು ಗ್ರೀಕರ ಪದ. ಅರಬರ ವೈದ್ಯಗ್ರಂಥಗಳ ಮೂಲಕ ನಮ್ಮ ಮನೆಗಳಿಗೆ ಬಂತು. ಸುಶ್ರುತ ಸಂಹಿತೆ ಇದೇ ರೋಗವನ್ನು ಮಧುಮೇಹವೆಂದು ಕರೆಯಿತು. ಇಷ್ಟು ಹಳೆಯ ರೋಗದ ಚರಿತ್ರೆಯಲ್ಲಿ ಹೆಣ್ಣಿನ ಮುಟ್ಟಿಗೆ ಜಾಗ ಸಿಕ್ಕಿದ್ದು ಮಾತ್ರ ತೀರಾ ಈಚೆಗೆ.

ಇನ್ಸುಲಿನ್ ಇನ್ನೂ ಪತ್ತೆಯಾಗಿರದ 1918ರಲ್ಲಿ ಅಮೆರಿಕದ ವೈದ್ಯರಾದ ಹ್ಯಾರಪ್ ಮತ್ತು ಮೊಸೆಂಥಾಲ್, ಒಬ್ಬ ರೋಗಿಯನ್ನು ಗಮನಿಸಿ, ಮುಟ್ಟಿಗೂ ಮಧುಮೇಹಿಗಳ ರಕ್ತದಲ್ಲಿ ಆಮ್ಲ ಏರುವುದಕ್ಕೂ ಇರುವ ನಂಟಿನ ಬಗ್ಗೆ ಬರೆದರು. 1921ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಸಿಕ್ಕಿತು. 1942ರಲ್ಲಿ ಕೆನಡಾದ ಕ್ರೇಮರ್ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದರು. 1977ರಲ್ಲಿ ಇಂಗ್ಲೆಂಡಿನ ವಾಲ್ಶ್ ಮತ್ತು ಮಾಲಿನ್ಸ್ 200 ಮಂದಿ ಮಧುಮೇಹಿ ಮಹಿಳೆಯರನ್ನೇ ಕೇಳಿದರು. ಮುಟ್ಟಿನ ದಿನಗಳಲ್ಲಿ ಸಕ್ಕರೆಯ ಹಿಡಿತ ಬದಲಾಗುತ್ತದೆ ಎಂದವರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ಇಷ್ಟು ತಡವಾದದ್ದಕ್ಕೆ ಉಪಕರಣವೂ ಒಂದು ಕಾರಣ. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಿ, ನೀಲಿಯೋ ಹಸಿರೋ ಇಟ್ಟಿಗೆ ಕೆಂಪೋ ಎಂದು ನೋಡುತ್ತಿದ್ದ ಕಾಲದಲ್ಲಿ ತಿಂಗಳ ಏರಿಳಿತ ಕಾಣುವುದು ಕಷ್ಟವಿತ್ತು. ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಪದ್ಧತಿ ಬಂದದ್ದು 1970ರ ದಶಕದ ಕೊನೆಗೆ.

ಈಗ ಕಾರಣ ತಿಳಿದಿದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಹೆಚ್ಚುತ್ತದೆ, ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ. ಮುಟ್ಟಿಗೆ ಮುಂಚಿನ ಕೆಲವು ದಿನ ಹಲವರಲ್ಲಿ ಸಕ್ಕರೆ ಏರುತ್ತದೆ. ಮುಟ್ಟು ಶುರುವಾಗುವ ಹೊತ್ತಿಗೆ ಹಾರ್ಮೋನು ಇಳಿದಿರುತ್ತದೆ. ಆಗ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಕೆಲವೊಮ್ಮೆ ಪ್ರಜ್ಞೆಯೇ ತಪ್ಪಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆಗುವವಳನ್ನು "ಸಿಹಿ ತಿಂದಿರಬೇಕು" ಎಂದು ಗದರುವುದು ಅನ್ಯಾಯ.

ಕೋಣನಕುಂಟೆಯವರಿಗೆ ಇಂದು ಚಿಕಿತ್ಸೆ ದೂರವಲ್ಲ, ಪಕ್ಕದ ಜೆ.ಪಿ. ನಗರದಲ್ಲಿ ಮಧುಮೇಹಕ್ಕೆಂದೇ ಆಸ್ಪತ್ರೆಯಿದೆ. ದೂರವಿರುವುದು ಮಾತು. ಮುಟ್ಟಾದವಳನ್ನು ನಾವು "ಹೊರಗಾಗಿದ್ದಾಳೆ" ಎನ್ನುತ್ತೇವೆ. ಅವಳ ಜೊತೆ ಅವಳ ಅನುಭವವೂ ಹೊರಗೇ ಕೂತಿತು. ಡಾಕ್ಟರರು ಕೇಳಲಿಲ್ಲ, ಗಂಡ ಪಕ್ಕದಲ್ಲಿದ್ದರೆ ಇವಳೂ ಹೇಳಲಿಲ್ಲ.

ಲೆಕ್ಕ ಇಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ರಮಝಾನಿನಲ್ಲಿ ಮುಟ್ಟಿನಿಂದಾಗಿ ಬಿಟ್ಟ ರೋಜಾಗಳನ್ನು ಆಮೇಲೆ ತೀರಿಸಲು ದಿನ ಎಣಿಸಿಟ್ಟುಕೊಳ್ಳುವವರು ಅವರು. ಆ ತಾರೀಖನ್ನು ಸಕ್ಕರೆಯ ಪುಸ್ತಕದಲ್ಲೂ ಬರೆದು, ಎರಡು ಮೂರು ತಿಂಗಳ ಲೆಕ್ಕವನ್ನು ವೈದ್ಯರ ಮುಂದಿಡಲಿ. ಔಷಧಿಯ ಪ್ರಮಾಣವನ್ನು ತಾವಾಗಿ ಬದಲಿಸುವುದು ಬೇಡ. ವೈದ್ಯರೂ ಊಟ, ನಡಿಗೆಯ ಜೊತೆ ಈ ಒಂದು ಪ್ರಶ್ನೆಯನ್ನು ಕೇಳಲಿ.