ಫಾರ್ಮಲಿನ್ ಬಾಟಲಿಯಿಂದ ಶುರುವಾಗುವ ರೋಗನಿರ್ಣಯ

ನಾನು ಡಾಕ್ಟರಲ್ಲ. ದಾವಣಗೆರೆಯ ಪ್ಯಾಥಾಲಜಿ ಲ್ಯಾಬೊಂದರಲ್ಲಿ, ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್ ತಿರುಗಿಸಿ ನಿವೃತ್ತನಾದ ನ್ಯಾಮತಿಯ ಟೆಕ್ನಿಷಿಯನ್. ಗಡ್ಡೆಗೆ ಹೆಸರಿಡುವವರು ಡಾಕ್ಟರು. ಅದನ್ನು ಹೆಸರಿಡುವ ಸ್ಥಿತಿಯಲ್ಲಿ ಉಳಿಸಿಕೊಡುವುದು ನಮ್ಮ ಕಸುಬು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನಮ್ಮ ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಆದರೆ 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದ ಮೇಲೆ ಈ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ದಾವಣಗೆರೆ. ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನು ಬಾಟಲಿಗೆ ಹಾಕಿಸಿಕೊಂಡು ರೋಗಿಯ ಅಣ್ಣನೋ ಭಾವನೋ ಬಸ್ಸು ಹತ್ತಿ ಬರುತ್ತಿದ್ದ. ಬಾಯಿ ಹುಣ್ಣು, ಗರ್ಭಕೋಶ, ಸ್ತನದ ಗಂಟುಗಳೇ ಹೆಚ್ಚು. ರಕ್ತನಾಳದ ಗಡ್ಡೆ ಬಂದರೆ ಬಹುಪಾಲು ನಿರಪಾಯದ ಹೆಮಾಂಜಿಯೋಮಾ.

ರಕ್ತನಾಳಗಳೇ ತುಂಬಿದ ಇನ್ನೊಂದು ಗಡ್ಡೆ ಹೆಮಾಂಜಿಯೋಬ್ಲಾಸ್ಟೋಮಾ. ಅದೂ ನಿರಪಾಯದ್ದೇ, ಆದರೆ ಗುರುತಿಸುವುದು ಅಷ್ಟು ಸುಲಭವಲ್ಲ. ಅದರ ಚರಿತ್ರೆ ಶುರುವಾಗುವುದೇ ಕಣ್ಣು ಮತ್ತು ಮಿದುಳಿನಲ್ಲಿ. ಜರ್ಮನಿಯ ಫಾನ್ ಹಿಪ್ಪೆಲ್ 1904ರಲ್ಲಿ ಕಣ್ಣಿನ ರೆಟಿನಾದ ಗಡ್ಡೆಗಳನ್ನು ವಿವರಿಸಿದರು. 1926ರಲ್ಲಿ ಸ್ವೀಡನ್ನಿನ ಲಿಂಡೌ ಅವನ್ನು ಕಿರುಮಿದುಳಿನ ಗಡ್ಡೆಗೂ ಮೂತ್ರಪಿಂಡ, ಮೇದೋಜೀರಕದ ನೀರುಗುಳ್ಳೆಗಳಿಗೂ ಜೋಡಿಸಿದರು. 1928ರಲ್ಲಿ ಅಮೆರಿಕದ ಕುಶಿಂಗ್ ಮತ್ತು ಬೈಲಿ ಈಗಿನ ಹೆಸರಿಟ್ಟರು. ಹೀಗೆ ಅದು ಮಿದುಳು, ಬೆನ್ನುಹುರಿ, ರೆಟಿನಾಗಳ ಗಡ್ಡೆಯೆಂದೇ ತಲೆಯಲ್ಲಿ ಕೂತಿತು. ಅಪರೂಪಕ್ಕೆ ಅದು ಮೂತ್ರಪಿಂಡದಲ್ಲಿ, ನರದಲ್ಲಿ, ಮಾಂಸಖಂಡದ ನಡುವೆಯೂ ಕಾಣಿಸಿಕೊಂಡಾಗ ನೆನಪಿಗೇ ಬರುವುದಿಲ್ಲ.

ಮೂತ್ರಪಿಂಡದಲ್ಲಂತೂ ದೊಡ್ಡ ಮೋಸ. ಅಲ್ಲಿನ ಕ್ಲಿಯರ್ ಸೆಲ್ ಕ್ಯಾನ್ಸರ್ ಕೂಡ ಹೀಗೇ: ತೆಳು ರಕ್ತನಾಳಗಳ ಬಲೆ, ನಡುವೆ ಬಿಳಿಚಿದ ಜೀವಕೋಶಗಳು. ಎರಡರ ಕೋಶಗಳಲ್ಲೂ ಕೊಬ್ಬು ತುಂಬಿರುತ್ತದೆ. ನಾವು ಆಲ್ಕೋಹಾಲು, ಜೈಲೀನ್ ದಾಟಿಸಿ ಮೇಣಕ್ಕೆ ಇಳಿಸುವಷ್ಟರಲ್ಲಿ ಕೊಬ್ಬು ಕರಗಿಹೋಗಿ ಖಾಲಿ ಗುಳ್ಳೆಗಳಷ್ಟೇ ಉಳಿಯುತ್ತವೆ. ಹಿಮಟಾಕ್ಸಿಲಿನ್, ಇಯೋಸಿನ್ ಬಣ್ಣದಲ್ಲಿ ಎರಡೂ ಅಕ್ಕತಂಗಿಯರಂತೆ. ಫಾನ್ ಹಿಪ್ಪೆಲ್-ಲಿಂಡೌ ಕಾಯಿಲೆ ಇರುವ ಮನೆತನದಲ್ಲಿ ಒಬ್ಬರಿಗೇ ಎರಡೂ ಬರಬಹುದು.

ಬಣ್ಣದಿಂದ ಬಗೆಹರಿಯದ್ದನ್ನು ಆಂಟಿಬಾಡಿ ಬಗೆಹರಿಸಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಆಂಟಿಬಾಡಿ ತಯಾರಿಸುವ ದಾರಿ ತೋರಿಸಿದರು. ಅದು ನಿಧಾನಕ್ಕೆ ಲ್ಯಾಬುಗಳಿಗೂ ಇಳಿಯಿತು. ಹೆಮಾಂಜಿಯೋಬ್ಲಾಸ್ಟೋಮಾ ಸಾಮಾನ್ಯವಾಗಿ ಇನ್‌ಹಿಬಿನ್, ಎಸ್-100 ಆಂಟಿಬಾಡಿಗಳಿಗೆ ಬಣ್ಣ ಹಿಡಿಯುತ್ತದೆ. ಕ್ಯಾನ್ಸರು ಕೆರಟಿನ್, ಸಿಡಿ-10, ಪ್ಯಾಕ್ಸ್-8ಕ್ಕೆ. ಆದರೆ ಮೂತ್ರಪಿಂಡದ ಹೆಮಾಂಜಿಯೋಬ್ಲಾಸ್ಟೋಮಾ ಕೆಲವೊಮ್ಮೆ ಪ್ಯಾಕ್ಸ್-8ಕ್ಕೂ ಹಿಡಿಯುತ್ತದೆ. ಅದಕ್ಕೇ ಒಂದನ್ನೇ ನಂಬದೆ ಹಲವನ್ನು ಜೊತೆಗಿಟ್ಟು ಓದಬೇಕು. ಹೆಮಾಂಜಿಯೋಬ್ಲಾಸ್ಟೋಮಾ ನಿರಪಾಯದ ಗಡ್ಡೆ. ಕ್ಯಾನ್ಸರೆಂದು ಬರೆದುಬಿಟ್ಟರೆ ರೋಗಿ ಬೇಡದ ಔಷಧಿಯನ್ನೂ ಭಯವನ್ನೂ ಹೊರಬೇಕು. ಮಿದುಳಿನಾಚೆ ಒಂಟಿಯಾಗಿ ಸಿಕ್ಕವುಗಳಲ್ಲಿ ಬಹುಪಾಲಿಗೆ ಮನೆತನದ ಕಾಯಿಲೆಯ ನಂಟಿರುವುದಿಲ್ಲ. ಆದರೂ ಕಣ್ಣು, ಮಿದುಳು, ಬೆನ್ನುಹುರಿ ನೋಡಿಸುತ್ತಾರೆ. ಆ ಕಾಯಿಲೆಗೆ ಕಾರಣವಾಗುವ, 1993ರಲ್ಲಿ ಪತ್ತೆಯಾದ ವಿಎಚ್‌ಎಲ್ ಜೀನನ್ನೂ ಪರೀಕ್ಷಿಸಬಹುದು.

ಈ ಪರೀಕ್ಷೆಗಳೆಲ್ಲ ನಿಂತಿರುವುದು ಮೊದಲ ಬಾಟಲಿಯ ಮೇಲೆ. ಅಂಗಾಂಶ ಕೆಡದಂತೆ ಕಾಯಲು ಬ್ಲೂಮ್ 1893ರಲ್ಲಿ ಬಳಕೆಗೆ ತಂದ ಫಾರ್ಮಲಿನ್ ಇಂದಿಗೂ ಬಳಕೆಯಲ್ಲಿದೆ. ಅದು ಅಂಗಾಂಶದೊಳಗೆ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಇಳಿಯುತ್ತದೆ. ಇಡೀ ಮೂತ್ರಪಿಂಡವನ್ನು ಸೀಳದೆ ಕಿರಿದಾದ ಬಾಯಿಯ ಬಾಟಲಿಗೆ ತುರುಕಿದರೆ ಹೊರಗೆ ಕಲ್ಲು, ಒಳಗೆ ಕೊಳೆ. ಉಪ್ಪುನೀರಿನಲ್ಲಿ ಬಂದದ್ದಕ್ಕೆ ಯಾವ ಆಂಟಿಬಾಡಿಯೂ ಸರಿಯಾಗಿ ಮಾತಾಡುವುದಿಲ್ಲ. ಅಗಲ ಬಾಯಿಯ ಡಬ್ಬಿ, ಗಡ್ಡೆಯ ಹತ್ತು ಪಟ್ಟು ಫಾರ್ಮಲಿನ್, ದೊಡ್ಡದಾದರೆ ಸೀಳು, ಮೇಲೆ ರೋಗಿಯ ಹೆಸರು, ಅಂಗದ ಹೆಸರು: ಇಷ್ಟನ್ನು ಜಗಳೂರಿನಲ್ಲೂ ಮಾಡಬಹುದು.

ಹಾಗೆ ಮಾಡಿದ ಮೇಣದ ಬ್ಲಾಕು ದಶಕಗಟ್ಟಲೆ ಬಾಳುತ್ತದೆ. ಹೊಸ ಆಂಟಿಬಾಡಿ ಬಂದಾಗ ಹಳೆಯ ಬ್ಲಾಕಿನಿಂದಲೇ ಹೊಸ ಪದರ ಕತ್ತರಿಸಿ ಮತ್ತೆ ನೋಡಬಹುದು. ಅನುಮಾನವಿದ್ದವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವಾಗ ರಿಪೋರ್ಟಿನ ಜೊತೆ ಬ್ಲಾಕನ್ನೂ ಕೇಳಿ ಪಡೆಯಬೇಕು. ಅಲ್ಲಿಯ ತಜ್ಞರಿಗೆ ಓದಲು ಬೇಕಿರುವುದು ನಮ್ಮ ಅಭಿಪ್ರಾಯವಲ್ಲ, ಆ ಬ್ಲಾಕು.