ಹಳದಿ ಬಿಟ್ಟ ಮುಖಗಳು (ಹಳೇ ಆಟಿಕೆ ಸರಣಿ, ಭಾಗ 4)

ನಮ್ಮ ಕಲ್ಲಡ್ಕದ ಗೊಂಬೆ ಗೊತ್ತುಂಟಲ್ಲ, ಒಳಗೆ ಮನುಷ್ಯ ನಿಂತು ಕುಣಿಯುವುದು? ಇವತ್ತಿನ ಫೋಟೋದ ಗೊಂಬೆ ಅದರ ಉಲ್ಟಾ. ಎತ್ತರ ನಾಲ್ಕು ಸೆಂಟಿಮೀಟರ್, ಆದರೆ ಹೆಸರು ನಿಜವಾದ ಮನುಷ್ಯನದ್ದು.

2003ರಲ್ಲಿ ಲೆಗೋ ಕಂಪನಿ ಅಮೆರಿಕದ ಎನ್‌ಬಿಎ ಲೀಗ್ ಜೊತೆ ಸೇರಿ ತಂದ ಬಾಸ್ಕೆಟ್‌ಬಾಲ್ ಸೆಟ್ ಇದು. ಕಾಲಲ್ಲಿ ಸ್ಪ್ರಿಂಗ್ ಉಂಟು. ಹಿಂದಕ್ಕೆ ಬಗ್ಗಿಸಿ ಬಿಟ್ರೆ ಚೆಂಡು ಬುಟ್ಟಿಯತ್ತ ಹಾರ್ತದೆ. ಸಣ್ಣವನಿದ್ದಾಗ ನನಗೆ ಅಷ್ಟೇ ಸಾಕಿತ್ತು. ಈಗ ಹುಡುಕಿ ಮತ್ತೆ ತಗೊಂಡಾಗ ಕಣ್ಣಿಗೆ ಬಿದ್ದದ್ದು ಮುಖದ ಬಣ್ಣ.

1978ರಲ್ಲಿ ಬಂದ ಲೆಗೋ ಮನುಷ್ಯರು ಹಳದಿ. ಹಳದಿ ಯಾರ ಬಣ್ಣವೂ ಅಲ್ಲ, ಹಾಗಾಗಿ ಎಲ್ಲರದ್ದೂ ಅನ್ನುವ ಲೆಕ್ಕ. ಲೆಕ್ಕ ಚಂದವೇ. ಆದರೆ ಕೋಬಿ ಬ್ರಯಾಂಟ್, ಶಕೀಲ್ ಓನೀಲ್ ಅವರನ್ನು ಹಳದಿ ಮಾಡಿ "ಇದು ಅವರೇ" ಅಂತ ಹೇಳ್ಲಿಕ್ಕಾಗ್ತದಾ? ಇಲ್ಲಿ ಆ ಲೆಕ್ಕ ನಿಂತಿತು, ಕಂದು ಮುಖ ಬಂತು. ಮರುವರ್ಷದಿಂದ ಸಿನಿಮಾ ಪಾತ್ರಗಳ ಸೆಟ್‌ಗಳಲ್ಲೂ ಚರ್ಮದ ಬಣ್ಣವೇ ರೂಢಿಯಾಯ್ತು.

ಅಂದ್ರೆ ಹೆಸರಿದ್ದವರಿಗೆ ಅವರವರ ಬಣ್ಣ, ಹೆಸರಿಲ್ಲದವರಿಗೆ ಹಳದಿ. ಈ ವ್ಯತ್ಯಾಸ ಇವತ್ತಿಗೂ ಉಂಟು.

ಗೊಂಬೆಯನ್ನು ನನ್ನ ಕೈ ಪಕ್ಕ ಇಟ್ಟು ನೋಡಿದೆ. ಬಣ್ಣ ಹೆಚ್ಚುಕಮ್ಮಿ ಒಂದೇ. ಶಾಲೆಯಲ್ಲಿ ನನ್ನದೇ ಚಿತ್ರ ಬಿಡಿಸುವಾಗ ಕಂದು ಕ್ರೇಯಾನ್ ಮುಟ್ಟಿದವನಲ್ಲ ನಾನು. ಗುಲಾಬಿ ತಿಕ್ಕುತ್ತಿದ್ದೆ, ಯಾರೂ ಏನೂ ಕೇಳ್ಲಿಲ್ಲ.

ನೀವು ಯಾವ ಬಣ್ಣ ಹಾಕ್ತಿದ್ರಿ ಮಾರಾಯ್ರೆ? ಕಮೆಂಟಲ್ಲಿ ಹೇಳಿ.

#ಹಳೇಆಟಿಕೆ #ಕಲ್ಲಡ್ಕ #ಲೆಗೋ